ನಾನು ಬರೆಯದ ಪ್ರಬಂಧ

ಚಂದ್ರನ ಮೇಲೆ ನೀರಿನ ಗುರುತು ಸಿಕ್ಕಿದೆ ಎಂದು ಸುದ್ದಿ ಬಂದ ವರ್ಷ ನಾನು ಏಳನೆಯ ತರಗತಿಯಲ್ಲಿದ್ದೆ. ಶಹಾಪುರ ತಾಲೂಕಿನಲ್ಲಿ ಗೋಗಿಯ ಆಚೆಗಿನ ಒಂದು ಸಣ್ಣ ಊರು ನಮ್ಮದು. ಹತ್ತಿ ಬಿಡಿಸುವ ದಿನಗಳವು. ಅವ್ವ ಹೊಲಕ್ಕೆ ಹೊರಡುವ ಮೊದಲು ರೊಟ್ಟಿಯ ನಡುವೆ ಶೇಂಗಾ ಹಿಂಡಿ ಹಾಕಿ ಸುತ್ತಿಕೊಡುತ್ತಿದ್ದಳು. ನನ್ನ ಪುಸ್ತಕಗಳಿಗೆಲ್ಲ ಬಳ್ಳೊಳ್ಳಿ ವಾಸನೆ. ನಾನೂ ನನ್ನ ಗೆಳತಿ ರಜಿಯಾಳೂ ಶಾಲೆಯ ಹಿಂದಿನ ಕರಿ ಮಣ್ಣಿನಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಗೀಚಿ ಒಂದೊಂದಕ್ಕೆ ಒಂದೊಂದು ಗ್ರಹದ ಹೆಸರಿಟ್ಟಿದ್ದೆವು. ಬಿಲ್ಲೆ ಶನಿಯ ಗೆರೆಗೆ ತಾಗಿದರೆ ಆಟ ಹೋಯಿತು ಎಂದೇ ಲೆಕ್ಕ.

ಗ್ರಹಗಳನ್ನು ಹೇಳಿಕೊಟ್ಟವರು ವಿಮಲಾ ಟೀಚರ್. ಶಹಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಓಣಿಯ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಮಾತಾಡಿಸುತ್ತಿದ್ದವರು ಆ ಶಾಲೆಯಲ್ಲಿ ಅವರೊಬ್ಬರೇ. ಅವರು ಬರೆದ ಹಲಗೆಯನ್ನು ಒರೆಸಲು ನನಗೆ ಮನಸ್ಸಾಗುತ್ತಿರಲಿಲ್ಲ, ಅಷ್ಟು ಪ್ರೀತಿ.

ಒಂದು ದಿನ ಅವರು ಒಂದು ಕಾಗದ ತಂದು ಓದಿದರು. ಎಷ್ಟೋ ದೇಶಗಳ ವಿಜ್ಞಾನಿಗಳು ಸೇರಿ ಕಟ್ಟಿಕೊಂಡ ಒಂದು ಸಂಘವಂತೆ. ಆಕಾಶಕ್ಕೆ ಹೋಗುವುದು ಯುದ್ಧಕ್ಕಾಗಿ ಅಲ್ಲ, ಶಾಂತಿಗಾಗಿ, ಎಲ್ಲ ಮನುಷ್ಯರಿಗಾಗಿ ಎಂದು ಹೇಳುವವರು. ಅವರು ಮಕ್ಕಳಿಂದ ಪ್ರಬಂಧ ಕೇಳಿದ್ದರು. ವಿಷಯ, ‘ಬಾಹ್ಯಾಕಾಶ ಎಲ್ಲರದು’. ನಮ್ಮ ಭಾಷೆಯಲ್ಲೇ ಬರೆಯಬಹುದು, ಟೀಚರ್ ಇಂಗ್ಲಿಷಿಗೆ ಮಾಡಿ ಕಳಿಸುತ್ತಾರೆ. ಖರೇ ಏನ್ ಅನಸ್ತದೋ ಅದನ್ನ ಬರೀರಿ ಎಂದಿದ್ದರು.

ನಾನು ಖರೆಯನ್ನೇ ಬರೆದೆ. ನಾವು ಬೌದ್ಧರು, ಊರಿನ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಜಾತಿಯ ಹೆಸರಿನವರು. ಶಾಲೆಯ ವರಾಂಡದಲ್ಲಿ ಒಂದು ನೀರಿನ ಹರವಿ, ಅದರ ಮೇಲೊಂದು ಲೋಟ. ಉಳಿದ ಮಕ್ಕಳು ತಾವೇ ತೋಡಿಕೊಂಡು ಕುಡಿಯುತ್ತಿದ್ದರು. ನಮ್ಮ ಓಣಿಯವರು ಬೊಗಸೆ ಒಡ್ಡಿ ನಿಲ್ಲಬೇಕು, ಮೇಲ್ಕೇರಿಯ ಹುಡುಗಿಯೊಬ್ಬಳು ಮೇಲಿನಿಂದ ಹೊಯ್ಯಬೇಕು. ಅವಳಿಗೆ ಆಟದ ಗಡಿಬಿಡಿ ಇದ್ದರೆ ನಮಗೆ ನೀರಿಲ್ಲ. ಚಂದ್ರನ ಮೇಲೆ ನೀರು ಸಿಕ್ಕಿದೆ ಎನ್ನುತ್ತೀರಿ, ಅಲ್ಲಿ ಲೋಟ ಯಾರ ಕೈಯಲ್ಲಿ ಇರುತ್ತದೆ, ಅದನ್ನು ಮೊದಲು ಹೇಳಿ, ಆಮೇಲೆ ಹೋಗೋಣ ಎಂದು ಬರೆದೆ. ನೋಟುಬುಕ್ಕಿನಲ್ಲಿ ಎರಡು ಪುಟ, ಅದನ್ನೇ ಬೇರೆ ಹಾಳೆಗೆ ಇಳಿಸಿ ಕೊಟ್ಟೆ. ಟೀಚರ್ ಅದನ್ನು ನಿಂತಲ್ಲೇ ಓದಿದರು, ನನ್ನನ್ನು ನೋಡಿದರು, ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಬೇಸಿಗೆಗೆ ಮೊದಲು ಸಂಘದಿಂದ ಪತ್ರ ಬಂತು. ನನ್ನ ಪ್ರಬಂಧ ಆಯ್ಕೆಯಾಗಿತ್ತು. ಬೇರೆ ದೇಶಗಳ ಮಕ್ಕಳು ಬರೆದದ್ದರ ಜೊತೆ ಪುಸ್ತಕದಲ್ಲಿ ಅಚ್ಚಾಗುತ್ತದೆ. ಸಂಘದ ಒಬ್ಬ ಹಿರಿಯ ವಿಜ್ಞಾನಿ ಹೈದರಾಬಾದಿಗೆ ಬರುವವರಿದ್ದರು, ಹಾಗೇ ಯಾದಗಿರಿಗೂ ಬಂದು ಪ್ರಶಸ್ತಿಪತ್ರ ಕೊಡುತ್ತಾರೆ. ಎಂದೂ ನನ್ನ ಹೆಸರು ಹಿಡಿದು ಕರೆಯದ ಹೆಡ್ ಮಾಸ್ತರರು ಅಂದು ‘ಗೌತಮಿ’ ಎಂದು ಕರೆದರು.

ಸಮಾರಂಭದ ದಿನ ಅವ್ವ ಕೂಲಿಗೆ ಹೋಗಲಿಲ್ಲ. ನಾನು, ಅವ್ವ, ರಜಿಯಾ ಶಹಾಪುರಕ್ಕೆ ಟಂಟಂ ಆಟೋದಲ್ಲಿ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಯಾದಗಿರಿಗೆ ಹೋದೆವು. ಭೀಮಾ ಸೇತುವೆ ದಾಟುವಾಗ ರಜಿಯಾ ತನ್ನ ಮನೆಯಿಂದ ತಂದಿದ್ದ ಸಕ್ಕರೆ ಖಾಜಾ ಮುರಿದು ನನ್ನ ಬಾಯಿಗೆ ಇಟ್ಟಳು. ಸಭಾಂಗಣದಲ್ಲಿ ಗುಲಾಬಿ ನೀರಿನ ವಾಸನೆ, ಹೊಸ ಬಣ್ಣದ ವಾಸನೆ.

ಆ ವಿಜ್ಞಾನಿ ಬಿಳಿ ಕೂದಲಿನ ಹೆಣ್ಣುಮಗಳು. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಮಾತಾಡಿದರು. ವಿಮಲಾ ಟೀಚರ್ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲು ಗಟ್ಟಿಯಾಗಿಯೇ ಹೇಳಿದರು. ಆಮೇಲೆ ದನಿ ಸಣ್ಣದಾಯಿತು. ಈ ಹುಡುಗಿಯ ಶಾಲೆಯಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳು ಒಂದೇ ಹರವಿಯಿಂದ, ಒಂದೇ ಲೋಟದಿಂದ ನೀರು ಕುಡಿಯುತ್ತಾರೆ. ಚಂದ್ರನಿಗೆ ಹೋಗುವವರು ಈ ಶಾಲೆಯನ್ನು ನೋಡಿ ಕಲಿಯಬೇಕು ಎಂದು ಇವಳು ಬರೆದಿದ್ದಾಳೆ, ಅದನ್ನು ಓದಿ ನಮ್ಮ ಕಣ್ಣು ತುಂಬಿ ಬಂತು ಎಂದು ಆ ವಿಜ್ಞಾನಿ ಹೇಳಿದ್ದರು. ಹೆಡ್ ಮಾಸ್ತರರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಮೈಕು ನನ್ನ ಮುಂದೆ ತಂದರು. ನಾನು ಹೇಳಿದೆ, “ನಾ ಹಂಗ ಬರದಿಲ್ರಿ. ನಮಗ ಲೋಟ ಮುಟ್ಟಾಕ ಕೊಡಂಗಿಲ್ರಿ. ನಾ ಅದನ್ನ ಬರದಿದ್ದೆ.”

ಆ ಹಿರಿಯರು ಬಾಗಿ, ಮಗು ಏನು ಹೇಳಿತು ಎಂಬಂತೆ ಟೀಚರ್ ಕಡೆ ನೋಡಿದರು. ಟೀಚರ್ ಹೆಡ್ ಮಾಸ್ತರರ ಕಡೆ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಹೇಳಿದರು. ಅದರಲ್ಲಿ ಎರಡು ಶಬ್ದ ನನಗೆ ತಿಳಿದವು. ಥ್ಯಾಂಕ್ ಯೂ. ಆ ಹಿರಿಯರು ನನ್ನ ಗಲ್ಲ ಸವರಿ ನಕ್ಕರು. ಇಡೀ ಸಭೆ ಮತ್ತೆ ಚಪ್ಪಾಳೆ ತಟ್ಟಿತು, ನನ್ನ ಮಾತು ತಿಳಿದವರೂ ತಟ್ಟಿದರು. ರಜಿಯಾ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.

ಬಸ್ಸಿನಲ್ಲಿ ನಾನು ಅಳುತ್ತಿದ್ದರೆ ಅವ್ವ ತನ್ನ ಸೆರಗಿನಿಂದ ನನ್ನ ಮೂಗು ಒರೆಸಿ, “ಅಂದಿಯಲ್ಲ, ಅಷ್ಟ ಸಾಕು” ಎಂದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಸಾಕಾಗಿರಲಿಲ್ಲ. ಮರುದಿನ ಪ್ರಶಸ್ತಿಪತ್ರವನ್ನು ಶಾಲೆಯ ಗೌರವ ಎಂದು ಹೆಡ್ ಮಾಸ್ತರರು ತರಿಸಿಕೊಂಡು, ಗಾಜು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದರು. ಅದೇ ಮಧ್ಯಾಹ್ನ ಊಟದ ಹೊತ್ತಿಗೆ ನಾವು ಬೊಗಸೆ ಒಡ್ಡಿ ನಿಂತಿದ್ದೆವು. ಟೀಚರ್ ವರಾಂಡದ ಆ ತುದಿಯಿಂದ ನೋಡಿ ಒಳಗೆ ಹೋದರು. ಮುಂದಿನ ವರ್ಷ ಅವರಿಗೆ ತಾವು ಕೇಳಿಕೊಂಡ ಊರಿಗೇ ವರ್ಗವಾಯಿತು.

ದೊಡ್ಡವಳಾಗಿ, ಕೆಲಸ ಸಿಕ್ಕಿದ ಮೇಲೆ ನಾನು ಆ ಸಂಘಕ್ಕೆ ಬರೆದೆ. ನಡೆದದ್ದನ್ನೆಲ್ಲ ಬರೆದು, ನನ್ನ ಹಳೆಯ ನೋಟುಬುಕ್ಕಿನ ಪುಟಗಳ ಚಿತ್ರ ತೆಗೆದು ಕಳಿಸಿದೆ. ಬಹಳ ಮರ್ಯಾದೆಯ ಉತ್ತರ ಬಂತು. ನಿಮ್ಮ ಪತ್ರ ಓದಿ ಬೇಸರವಾಯಿತು, ನಮ್ಮ ಸಂಘ ಸಮಾನತೆಯಲ್ಲಿ ನಂಬಿಕೆ ಇಟ್ಟಿದೆ. ಸಂಬಂಧಪಟ್ಟ ಶಾಲೆ ಲಿಖಿತವಾಗಿ ದೃಢಪಡಿಸಿದರೆ ತಿದ್ದುಪಡಿ ಹಾಕುವುದನ್ನು ಪರಿಶೀಲಿಸುತ್ತೇವೆ. ಶಾಲೆ ದೃಢಪಡಿಸಬೇಕಂತೆ. ಯಾವ ಶಾಲೆ? ನಾನು ಆ ಪತ್ರವನ್ನು ಮೂರು ಸಲ ಓದಿದೆ. ಯಾವ್ಯಾವ ದೇಶದ ಗ್ರಂಥಾಲಯಗಳಲ್ಲೋ ಆ ಪುಸ್ತಕ ಇವತ್ತಿಗೂ ಇದೆ, ನನ್ನ ಹೆಸರಿನ ಕೆಳಗೆ ಆ ಸುಳ್ಳೂ ಇದೆ. ಅದನ್ನು ಓದಿ ಇನ್ನೂ ಯಾರದೋ ಕಣ್ಣು ತುಂಬುತ್ತಿರಬಹುದು.

ಹೋದ ವರ್ಷ ಶಹಾಪುರದ ಬಸ್ ನಿಲ್ದಾಣದಲ್ಲಿ ವಿಮಲಾ ಟೀಚರ್ ಸಿಕ್ಕರು. ಮುಪ್ಪಾಗಿದ್ದರು. ನನ್ನ ಗುರುತು ಹಿಡಿದು, ಕೈ ಹಿಡಿದುಕೊಂಡು, ತಾವಾಗಿಯೇ ಆ ಮಾತು ತೆಗೆದರು. ಇಂಗ್ಲಿಷಿಗೆ ಮಾಡುವಾಗ ಹೆಡ್ ಮಾಸ್ತರರು ಎದುರಿಗೆ ಕೂತು ಆ ಭಾಗವನ್ನು ಬದಲಿ ಮಾಡಿಸಿದರಂತೆ. “ನನಗ ಬ್ಯಾರೆ ದಾರಿ ಇರಲಿಲ್ಲವ್ವ” ಎಂದರು.

“ನನಗೂ ಇರಲಿಲ್ರಿ ಟೀಚರ್. ಆದ್ರೂ ನಾ ಹೇಳಿದ್ನಿ,” ಎಂದೆ. ಅವರು ಕೈ ಬಿಟ್ಟರು. ಅವರ ಬಸ್ಸು ಬಂತು.

ಅವರನ್ನು ಹಾಗೆ ಕಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸಿಟ್ಟು ಇರುವುದು ಬೇರೆ ಕಡೆ. ಈಗ ನಾನು ಸುರಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಸಿಬ್ಬಂದಿ ಸಭೆಯಲ್ಲಿ ನಮ್ಮ ಓಣಿಯಂಥದೇ ಓಣಿಯಿಂದ ಬಂದ ಒಬ್ಬಳು ವಿದ್ಯಾರ್ಥಿನಿಯ ಬಗ್ಗೆ ಒಬ್ಬರು ಹಗುರವಾಗಿ ಒಂದು ಮಾತಾಡಿದರು. ಎಲ್ಲರೂ ನಕ್ಕರು. ಉತ್ತರ ನನ್ನ ಗಂಟಲಿನ ತನಕ ಬಂದಿತ್ತು. ನನ್ನ ಬಡ್ತಿಯ ಕಡತ ಆ ಮಾತಾಡಿದವರ ಮೇಜಿನ ಮೇಲಿದೆ ಎಂಬುದು ನೆನಪಾಯಿತು. ನಾನು ಚಹಾ ಕುಡಿದು ಎದ್ದು ಬಂದೆ. ಹನ್ನೆರಡು ವರ್ಷದ ಆ ಹುಡುಗಿ ಅಲ್ಲಿ ಕೂತಿದ್ದರೆ ಹೇಳಿಬಿಡುತ್ತಿದ್ದಳು.