ಲಂಗರ ಕೊಟ್ಟ ನಕ್ಷತ್ರ

ಬೆಳಂಬಾರದ ಕಡಲ ದಂಡೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಶಾಲೆಯ ಅಂಗಳದಲ್ಲಿ ತುಳಸಿದಾಸ ಫ್ಯಾನಿನ ಗುಂಡಿ ಒತ್ತುತ್ತಾರೆ. ಮುದುಡಿ ಬಿದ್ದಿದ್ದ ಕರಿಬಟ್ಟೆ ಗಾಳಿ ಕುಡಿದು ಗುಡಾರವಾಗಿ ಏಳುತ್ತದೆ. ಒಳಗೆ ಕೂತರೆ ತಲೆಯ ಮೇಲೆಲ್ಲ ನಕ್ಷತ್ರ.

ಶಿರವಾಡದ ಈ ಮನುಷ್ಯ ಮೊದಲು ಟೂರಿಂಗ್ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಟೆಂಟು ಮುಚ್ಚಿದ ಮೇಲೆ ಸಂಚಾರಿ ತಾರಾಲಯದ ವ್ಯಾನು ಹತ್ತಿದರು. ಕಾರವಾರ, ಅಂಕೋಲಾದ ಊರೂರು ಸುತ್ತುತ್ತಾರೆ; ಒಂದು ಆಟಕ್ಕೆ ನಲವತ್ತು ಜನ. ಬೆಳಂಬಾರದವರಿಗೆ ಬಿಡುವು ಸಿಗುವುದು ದೋಣಿ ನೂಕುವ ಮೊದಲಷ್ಟೇ. ಹಾಗಾಗಿ ಇಲ್ಲಿ ಮುಂಜಾವದ ಆಟ.

ಹೋದ ವರ್ಷ ಇದೇ ಅಂಗಳದಲ್ಲಿ ಅವರು ಸೋತಿದ್ದರು. "ಇದು ಸತ್ತ ನಕ್ಷತ್ರ" ಎಂದದ್ದೇ ತಡ, ಮೀನು ಮಾರುವ ಹಿರಿಯರಾದ ಕಾಮಿ ಎದ್ದು ನಿಂತಿದ್ದರು. "ದೋಣಿ ನೂಕೂ ಹೊತ್ತಲ್ಲಿ ಸತ್ತವ್ರ ಸುದ್ದಿ ಎಂತಕ್ಕೆ ತೆಗೀತ್ಯೋ ತಮಾ?" ಗುಡಾರ ಖಾಲಿಯಾಗಿತ್ತು. ಈ ಸಲವೂ ಜನ ಎದ್ದುಹೋದರೆ ಬೆಳಂಬಾರಕ್ಕೆ ವ್ಯಾನು ಕಳಿಸುವುದಿಲ್ಲ ಎಂದು ಕಚೇರಿ ಹೇಳಿದೆ.

ಇಂದು ತುಳಸಿದಾಸ ಮಾತು ಬದಲಿಸಿದ್ದಾರೆ. "ಇದು ಒಲೆ ಆರಿದ ನಕ್ಷತ್ರ. ಶ್ವೇತಕುಬ್ಜ ಅಂತಾರೆ. ಗಾತ್ರ ಭೂಮಿಯಷ್ಟು, ತೂಕ ಹೆಚ್ಚುಕಡಿಮೆ ಸೂರ್ಯನಷ್ಟು. ಪಕ್ಕದ ನಕ್ಷತ್ರದ ಅನಿಲ ಎಳ್ಕಂತಾನೇ ಇರ್ತದೆ."

"ತನ್ನ ಒಲೆ ಆರಿದ್ರೂ ಆಚೆಮನೆ ಸಾರು ಬಿಡೂದಿಲ್ಲ ಅದು" ಎನ್ನುತ್ತಾರೆ ಕಾಮಿಯ ನೆರೆಯವರಾದ ಮಂಜಿ. ಗುಡಾರವೆಲ್ಲ ನಗು.

"ಹೌದು ಅಕ್ಕಾ. ಎಳ್ದೂ ಎಳ್ದೂ ಭಾರ ಏರ್ತದೆ. ತಡ್ಕಳೂಕೆ ಆಗ್ದೇ ಹೋದಾಗ ಒಳಗಿನ ಇಂಗಾಲಕ್ಕೆ ಒಮ್ಮೆಲೇ ಬೆಂಕಿ ಹತ್ಕಂತದೆ."

ಗುಂಡಿ ಒತ್ತುತ್ತಾರೆ. ಗುಡಾರದ ಮಾಡಿನಲ್ಲಿ ಆ ನಕ್ಷತ್ರ ಸಿಡಿದು ಕತ್ತಲೆಲ್ಲ ಬೆಳಕಾಗುತ್ತದೆ. ಆ ಬೆಂಕಿಯಲ್ಲಿ ಹಗುರ ಧಾತುಗಳು ಬೆಸೆದು ನಿಕಲ್ ಆಗುತ್ತವೆ. ಅದು ಕೋಬಾಲ್ಟ್ ಆಗಿ, ಕೆಲವು ತಿಂಗಳಲ್ಲಿ ಕಬ್ಬಿಣವಾಗುತ್ತದೆ. ಚೆಲ್ಲಿದ ಕಬ್ಬಿಣ ಮುಂದೆ ಹುಟ್ಟುವ ಸೂರ್ಯ, ಭೂಮಿಗಳಿಗೆ ಸೇರುತ್ತದೆ ಎಂದು ತಿಳಿಸುತ್ತಾರೆ. "ನಿಮ್ಮ ದೋಣಿ ಲಂಗರದ ಕಬ್ಬಿಣದಲ್ಲಿ ಬಹಳಷ್ಟು ಹೀಂಗೇ ಬಂದದ್ದು."

ಕಾಮಿ ಏಳುತ್ತಾರೆ. ತುಳಸಿದಾಸರ ಕೈ ಗುಂಡಿಯ ಮೇಲೇ ನಿಲ್ಲುತ್ತದೆ.

"ಹೋದ್ವರ್ಷ ಸತ್ತದ್ದು ಅಂದ್ಯಲ್ಲ, ಲಂಗರ ಕೊಟ್ಟದ್ದು ಸತ್ತದ್ದು ಹೆಂಗಾಯ್ತು? ಇನ್ನೊಂದ್ಸಲ ಹಚ್ಚು, ಸಮಾ ನೋಡ್ತೆ."

ಮೂರು ಸಲ ಹಚ್ಚಬೇಕಾಗುತ್ತದೆ. ಹೊರಗೆ ನಿಂತವರಿಗಾಗಿ ಇನ್ನೊಂದು ಆಟವೂ ಆಗುತ್ತದೆ.

ಬಿಸಿಲೇರುವಾಗ ಊರವರೆಲ್ಲ ಸೇರಿ ದೋಣಿಯಿಂದ ಬಿಟ್ಟ ಉದ್ದನೆಯ ರಂಪಣಿ ಬಲೆಯನ್ನು ದಂಡೆಗೆ ಎಳೆಯುತ್ತಾರೆ. ಹಗ್ಗಕ್ಕೆ ಕೈಕೊಟ್ಟವರಿಗೆಲ್ಲ ಒಂದು ಪಾಲು ಮೀನು, ಅದು ಇಲ್ಲಿಯ ರೂಢಿ. ಗುಡಾರ ಮಡಚುತ್ತಿರುವ ತುಳಸಿದಾಸರ ಮುಂದೆ ಕಾಮಿ ಬಂಗಡೆಯ ಬುಟ್ಟಿ ತಂದಿಡುತ್ತಾರೆ.

"ನಾ ಹಗ್ಗ ಮುಟ್ಟಲಿಲ್ಲ ಅಕ್ಕಾ."

"ಆಕಾಶ ಎಳ್ಕಂಡು ಇಲ್ಲಿತನ ಬಂದ್ಯಲ್ಲ, ಅದೇನು ಕಡ್ಮೆ ಭಾರವಾ? ತಕಾ."

ಬುಟ್ಟಿಯನ್ನು ವ್ಯಾನಿನ ಮುಂದಿನ ಸೀಟಿನಲ್ಲೇ ಇಟ್ಟು ತುಳಸಿದಾಸ ನಗುತ್ತಾರೆ. "ಕಚೇರಿಯವ್ರು ಬೆಳಂಬಾರದ ಆಟ ಹೆಂಗಾಯ್ತು ಅಂತ ಕೇಳ್ಲಿ, ಈ ಬಂಗಡೆ ತೋರಿಸ್ತೆ."