ಅತ್ತೆ ಹೇಳಿದ ಪ್ರಸಂಗಗಳು

ನನ್ನ ಸೋದರತ್ತೆಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟ ಕಲೆಗಳಿದ್ದವು. ಬಲಗೈಯಲ್ಲಿ ಗ್ರೀಕ್ ವ್ಯಾಕರಣದ ಪುಸ್ತಕ ಹಿಡಿದು, ಕಣ್ಣು ಅದರ ಮೇಲಿಟ್ಟು, ಎಡಗೈಯಲ್ಲಿ ಒಲೆಗೆ ಸೌದೆ ಒಟ್ಟುತ್ತಿದ್ದ ಕಾಲದ ಗುರುತುಗಳು ಅವು.

ಅಪ್ಪನೂ ಅತ್ತೆಯೂ ಮಧುಗಿರಿಯವರು, ಇಬ್ಬರೂ ಬಿ.ಎ. ಮುಗಿಸಿದ್ದರು. ಇಬ್ಬರಿಗೂ ಬೆಂಗಳೂರಿನಲ್ಲಿ ದೈವಶಾಸ್ತ್ರ ಓದಿ ಬಿ.ಡಿ. ಪದವಿ ಪಡೆಯುವ ಆಸೆ. ಮಿಷನ್ನಿನ ದೊರೆ ಅಪ್ಪನನ್ನು ಆರಿಸಿದರು. ಅತ್ತೆಗೆ, "ಹೆಂಗಸರಿಗೆ ಆ ಪದವಿ ಇಲ್ಲಮ್ಮ. ಪಾದ್ರಿಯೊಬ್ಬರನ್ನು ಮದುವೆಯಾಗಿ ಬನ್ನಿ, ಹೆಂಡತಿಯರಿಗೆ ಹೊಲಿಗೆ ಕ್ಲಾಸಿದೆ" ಎಂದರಂತೆ. ಅತ್ತೆ ಮದುವೆಯಾಗಲಿಲ್ಲ. ನನ್ನನ್ನು ಹೆತ್ತು ಅಮ್ಮ ತೀರಿಕೊಂಡಿದ್ದರಿಂದ, ಎಳೆಗೂಸಾಗಿದ್ದ ನನ್ನನ್ನು ಎತ್ತಿಕೊಂಡು ಅಣ್ಣನ ಮನೆ ನಡೆಸಲು ಬೆಂಗಳೂರಿಗೆ ಹೋದಳು.

ಬೈಬಲಿನ ಹೊಸ ಒಡಂಬಡಿಕೆಯನ್ನು ಮೂಲದಲ್ಲಿ ಓದಲು ಬೇಕಾದ ಗ್ರೀಕ್ ಅಪ್ಪನ ತಲೆಗೆ ಹತ್ತಲಿಲ್ಲ. ಪಾಠ ಒಪ್ಪಿಸಿಕೊಳ್ಳಲೆಂದು ಅತ್ತೆ ಪುಸ್ತಕ ಹಿಡಿದಳು. ಕೊನೆಗೆ ಅಪ್ಪನಿಗೇ ಪಾಠ ಹೇಳುವಂತಾದಳು. ಒಂದು ದಿನ ಧೈರ್ಯ ಮಾಡಿ, ತನ್ನನ್ನೂ ಪರೀಕ್ಷೆಗೆ ಕೂರಿಸಿ ಎಂದು ಪ್ರಿನ್ಸಿಪಾಲರನ್ನು ಕೇಳಿದಳು. ಅವರು ಒಂದು ಪುಟ ತೆರೆದು ಕೊಟ್ಟರು. ಅತ್ತೆ ಓದಿ, ಅರ್ಥ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅವರು ಮನಸಾರೆ ಸಂತೋಷಪಟ್ಟು, "ನಿಮ್ಮ ಅಣ್ಣನಿಗೆ ಎಷ್ಟು ಅನುಕೂಲ!" ಎಂದರು. ಈ ಮಾತನ್ನು ಹೇಳುವಾಗಲೆಲ್ಲ ಅತ್ತೆ ನಗುತ್ತಿದ್ದಳು. ಆ ನಗು ಕಂಡರೆ ನನಗೆ ಹೆದರಿಕೆ.

ಅಪ್ಪ ಪದವಿ ಪಡೆದು ಮಧುಗಿರಿಗೇ ಪಾದ್ರಿಯಾಗಿ ಬಂದರು. ಶನಿವಾರ ಸಂಜೆ ಅಡುಗೆಮನೆಯ ಹೊಸಿಲ ಬಳಿ ಕೂತು, "ನಾಳೆಗೆ ಏನ್ ಹೇಳ್ಲೇ?" ಅನ್ನುವರು. ಭಾನುವಾರದ ಆರಾಧನೆಯಲ್ಲಿ ಪಾದ್ರಿ ಮಾಡುವ ಉಪದೇಶಕ್ಕೆ ನಮ್ಮಲ್ಲಿ ಪ್ರಸಂಗ ಅನ್ನುತ್ತಾರೆ. ಅತ್ತೆ ಸೊಪ್ಪು ಸೋಸುತ್ತ ಪ್ರಸಂಗ ಹೇಳುವಳು, ಅಪ್ಪ ಬರೆದುಕೊಳ್ಳುವರು. ಕೊರಟಗೆರೆ, ಸಿರಾ, ಪಾವಗಡದ ಕ್ರೈಸ್ತ ಸಭೆಗಳಿಗೂ ಅಪ್ಪನಿಗೆ ಕರೆ ಬರುತ್ತಿತ್ತು. ಒಮ್ಮೆ ಐ.ಡಿ.ಹಳ್ಳಿಯ ರೈತರೊಬ್ಬರು ಆರಾಧನೆ ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತ ಅತ್ತೆಯ ಬಳಿ ಬಂದು, "ಅಯ್ನೋರು ನನ್ ಹೊಟ್ಟೆಯಾಗಿರೋದ್ನೇ ಅಂದ್ಬುಟ್ರು ಕಣಮ್ಮ. ಅವ್ರಿಗೆ ಅದೆಂಗ್ ಗೊತ್ತಾಯ್ತದೆ?" ಎಂದರು.

"ಬಿ.ಡಿ. ಓದವ್ರಲ್ವೇನಪ್ಪ," ಎಂದಳು ಅತ್ತೆ.

ಹೊಸದಾಗಿ ಬಂದ ದೊರೆಯೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಅಪ್ಪ, "ನನ್ನ ತಂಗಿಗೂ ಅಲ್ಪಸ್ವಲ್ಪ ಗ್ರೀಕ್ ಕಲಿಸಿದ್ದೀನಿ" ಎಂದುಬಿಟ್ಟರು. ಅತ್ತೆ ಸೌಟನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಆ ಶನಿವಾರ ಅಪ್ಪ ಎಷ್ಟು ಕೇಳಿದರೂ, "ನಿಂಗೆ ಏನ್ ಬತ್ತದೋ ಅದ್ನೇ ಹೇಳೋಗಣ್ಣ" ಎಂದು ಮುಖ ತಿರುಗಿಸಿದಳು.

ಭಾನುವಾರ ಅಪ್ಪ ಹಿಂದಿನ ವರ್ಷದ ಪ್ರಸಂಗವನ್ನೇ ಮತ್ತೆ ಓದಿದರು. ಅತ್ತೆ ಹೊರಗೆ ಚಿಕ್ಕಮಕ್ಕಳಿಗೆ ಪಾಠ ಮಾಡುತ್ತಿದ್ದಳು. ನಾನೇ ಹೋಗಿ ಹೇಳಿದೆ.

"ಜನ ಏನಂದ್ರು ಕಣೇ?"

"ಚೆನ್ನಾಗಿತ್ತು ಅಂದ್ರು."

"ಯಾರ್ಗೂ ಗೊತ್ತಾಗ್ನಿಲ್ವಾ?"

"ಇಲ್ಲ ಅತ್ತೆ."

ಅವಳ ಮುಖ ಬಾಡಿಹೋಯಿತು. ಮುಂದಿನ ಶನಿವಾರ ಮತ್ತೆ ಹೇಳತೊಡಗಿದಳು, ಆದರೆ ಧ್ವನಿಯಲ್ಲಿ ಹಿಂದಿನ ಹುರುಪಿರಲಿಲ್ಲ. ನನಗೆ ತಡೆಯಲಾಗದೆ, "ನಿಲ್ಲಿಸಿಬಿಡು ಅತ್ತೆ" ಎಂದೆ.

"ನಿಲ್ಸಿದ್ರೆ ನಾನ್ ಓದಿದ್ದು ಇನ್ನೆಲ್ಲಿಗೆ ಹೋಗ್ಬೇಕೇ?"

ಇಂಟರ್‌ಮೀಡಿಯೆಟ್ ಓದಲು ಊರು ಬಿಡುವ ದಿನ ನನ್ನ ಜಡೆ ಹೆಣೆಯುತ್ತ, "ಓದಿದ್ದನ್ನ ನಿನ್ ಬಾಯಲ್ಲೇ ಹೇಳು ಕಣೇ" ಎಂದಳು. ನಾನು ಜೀವನವಿಡೀ ಕಾಲೇಜಿನಲ್ಲಿ ಪಾಠ ಹೇಳಿದ್ದು ಆ ಮಾತಿನ ಬಲದಿಂದ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಅತ್ತೆ ವಿಷಮಶೀತ ಜ್ವರದಿಂದ ತೀರಿಕೊಂಡಳು. ಸುತ್ತಲ ಸಭೆಗಳವರೆಲ್ಲ ಮಣ್ಣಿಗೆ ಬಂದಿದ್ದರು. ಅಪ್ಪ ಮಾತಾಡಲು ನಿಂತರು. ಹೇಳಿಕೊಡುವವಳು ಪೆಟ್ಟಿಗೆಯಲ್ಲಿ ಮಲಗಿದ್ದಳು. "ನನ್ನ ತಂಗಿ ಒಂದು ದಿನವೂ ನನ್ನ ಊಟಕ್ಕೆ ಹೊತ್ತು ಮೀರಿಸಲಿಲ್ಲ" ಎಂದರು. ಮುಂದೇನೂ ಹೊಳೆಯದೆ, ಒಂದೆರಡು ಸಲ ತುಟಿ ಅಲುಗಿಸಿ, ಕೀರ್ತನೆ ಹಾಡಿ ಎಂದು ಕೈಸನ್ನೆ ಮಾಡಿದರು.

ಹಿಂದಿರುಗುವಾಗ ಜನ ಕನಿಕರದಿಂದ ಮಾತಾಡಿಕೊಳ್ಳುತ್ತಿದ್ದರು: "ಎಂಥಾ ಮಾತ್ಗಾರ್ರು! ದುಕ್ಕಕ್ಕೆ ಬಾಯೇ ಕಟ್ಟೋಯ್ತು, ಪಾಪ."