ಗಂಜಿ ಬಿಡಿಸಿದವರ ಹೆಸರು ಎಲ್ಲಿದೆ?

ಕುದಿಯುವ ವಾಷಿಂಗ್ ಸೋಡಾ ನೀರಿನಿಂದ ನೂಲಿನ ಲಡಿಯನ್ನು ಕೋಲಿನಲ್ಲಿ ಎತ್ತಿ ಕಲ್ಲಿನ ಮೇಲೆ ಹಾಕುತ್ತಾರೆ ರಾಜಶ್ರೀ. ಹಬೆ ಆರಲಿ ಎಂದು ಕಾಯುವಷ್ಟು ತಾಳ್ಮೆ ಇಲ್ಲ, ಬರಿಗೈಯಲ್ಲೇ ಹಿಂಡುತ್ತಾರೆ. ಬನಹಟ್ಟಿಯ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಅಕ್ಕಪಕ್ಕದಲ್ಲಿ ಪವರ್‌ಲೂಮುಗಳು ಆಗಲೇ ಬಡಿಯುತ್ತಿವೆ. ಕಟ್ಟೆಯ ಮೇಲೆ ಕೂತ ಮುತ್ತವ್ವ ಲಡಿಯಿಂದ ಒಂದು ಎಳೆ ಕಿತ್ತು, ನಾಲಿಗೆಯ ಮೇಲಿಟ್ಟು, ಮೆಲ್ಲಗೆ ಎಳೆದು ನೋಡುತ್ತಾರೆ.

"ಇನ್ನಾ ಜಾರತೈತಿ. ಗಂಜಿ ಬಿಟ್ಟಿಲ್ಲ. ಮತ್ತ ಇಡು ಒಲಿ ಮ್ಯಾಲೆ."

"ಆಯಿ, ಮೂರನೇ ಸಲ ಆತಿದು."

"ನೀ ಎಂ.ಟೆಕ್ ಮಾಡೀಯಂತ ನೂಲು ಹೆದರತೈತೇನ ಬೇ?"

ದಾರಿಹೋಕರಿಗೆ ಇದು ನೇಕಾರರ ಮನೆಯ ನಿತ್ಯದ ಕೆಲಸದಂತೆ ಕಾಣುತ್ತದೆ. ಆದರೆ ರಾಜಶ್ರೀ ಬಯೋಮೆಡಿಕಲ್ ಎಂಜಿನಿಯರ್. ಈ ನೂಲಿನಿಂದ ಅವರು ಮಾಡುವುದು ರೋಗ ಪತ್ತೆಹಚ್ಚುವ ಬಯೋಸೆನ್ಸರ್. ನಾಲ್ಕು ಬೆರಳು ಉದ್ದದ ದಾರ, ಅದಕ್ಕೊಂದು ಗಂಟು, ಗಂಟಿಗೆ ಔಷಧದ ಲೇಪ. ದಾರದ ತುದಿಗೆ ರಕ್ತದ ತಿಳಿಯನ್ನು ಒಂದು ಹನಿ ತಾಗಿಸಿದರೆ ಸಾಕು, ಬತ್ತಿ ಎಣ್ಣೆ ಎಳೆದುಕೊಂಡಂತೆ ದಾರ ಅದನ್ನು ಎಳೆದುಕೊಳ್ಳುತ್ತದೆ. ರೋಗವಿದ್ದರೆ ಹತ್ತು ನಿಮಿಷದಲ್ಲಿ ಗಂಟು ಕೆಂಪಾಗುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಹನಿ ಅಲ್ಲಿಯ ತನಕ ಹರಿದಿದೆ ಎಂದು ತೋರಿಸಲು ಅದರಾಚೆ ಇನ್ನೊಂದು ಗಂಟು, ರೋಗವಿರಲಿ ಬಿಡಲಿ ಅದು ಬಣ್ಣ ತಿರುಗಲೇಬೇಕು. ಕೂದಲೆಳೆಯಷ್ಟು ಸಣ್ಣ ಹಾದಿಯಲ್ಲಿ ಹನಿಯನ್ನು ಹರಿಸುವ ಈ ವಿದ್ಯೆಗೆ ಮೈಕ್ರೋಫ್ಲೂಯಿಡಿಕ್ಸ್ ಎನ್ನುತ್ತಾರೆ. ದೊಡ್ಡ ಊರಿನ ಲ್ಯಾಬುಗಳಲ್ಲಿ ಆ ಹಾದಿಯನ್ನು ಗಾಜಿನಲ್ಲಿ ಕೊರೆಯುತ್ತಾರೆ. ಇಲ್ಲಿ ಹತ್ತಿ ನೂಲೇ ಹಾದಿ.

ಅವರು ಹುಡುಕುತ್ತಿರುವ ರೋಗದ ಹೆಸರು ಬ್ರುಸೆಲ್ಲೋಸಿಸ್. ಕುರಿಯಿಂದ ಮನುಷ್ಯರಿಗೆ ಬರುತ್ತದೆ. ಸಂಜೆಗೆ ಜ್ವರ, ನಸುಕಿಗೆ ಬೆವರು, ವರ್ಷ ಕಳೆದರೆ ಬೆನ್ನುಮೂಳೆಗೇ ಕೈ ಹಾಕುತ್ತದೆ. ರಾಜಶ್ರೀಯ ತಂದೆ ಹಾಲಸಿದ್ದಪ್ಪ ಗಲಗಲಿಯ ಕುರುಬರು. ಹುಟ್ಟಿದ ಮರಿ ಉಸಿರಾಡದಿದ್ದರೆ ಅದರ ಮೂಗಿಗೆ ಬಾಯಿ ಹಚ್ಚಿ, ಲೋಳೆ ಎಳೆದು ಉಗಿಯುವುದು ಅವರಲ್ಲಿ ತಲೆತಲಾಂತರದಿಂದ ಬಂದ ರೂಢಿ. ಮರಿ ಬದುಕುತ್ತದೆ, ರೋಗ ಬಾಯೊಳಗೆ ಹೋಗುತ್ತದೆ. ಅಣೆಕಟ್ಟಿನ ಹಿನ್ನೀರು ಬಂದು ಹೊಳೆದಂಡೆಯ ಹುಲ್ಲು ಮುಳುಗಿದ ಮೇಲಂತೂ ಮೂರು ನಾಲ್ಕು ಊರಿನ ಹಿಂಡುಗಳು ಒಂದೇ ದಿಬ್ಬದಲ್ಲಿ ಮೇಯುತ್ತವೆ. ಒಂದು ಹಿಂಡಿನ ರೋಗ ಎಲ್ಲ ಹಿಂಡಿಗೂ ಹಬ್ಬುತ್ತದೆ.

"ಒಬ್ಬಾಂವ ಮಲೇರಿಯಾ ಅಂದ, ಇನ್ನೊಬ್ಬಾಂವ ಟೈಫಾಯ್ಡ್ ಅಂದ," ಎಂದು ನೆನೆಯುತ್ತಾರೆ ಹಾಲಸಿದ್ದಪ್ಪ. "ಮೂರನೇದಾಂವ, ಕುರಿ ಕಾಯಾಕ ಬ್ಯಾಸರಾಗಿ ಸೋಗ ಹಾಕಾಕತ್ತೀ ಅಂದ. ಅವಂಗೇನ ಗೊತ್ತರಿ, ನಾ ಮಕ್ಕಳಕಿಂತ ಕುರಿ ಜೋಡಿ ಭಾಳ ಮಾತಾಡಿದಾಂವ."

ರೋಗದ ಹೆಸರು ಗೊತ್ತಾಗಲು ಎರಡು ವರ್ಷ, ಮೂರು ಊರಿನ ಡಾಕ್ಟರು. ಒಬ್ಬರಾದರೂ "ನಿನ್ನ ಕಸುಬೇನಪ್ಪ" ಎಂದು ಕೇಳಿದ್ದರೆ ಆ ಬೆನ್ನು ಇಷ್ಟು ಬಾಗುತ್ತಿರಲಿಲ್ಲ.

ರಾಜಶ್ರೀ ಆಗ ದೂರದ ಶಹರದಲ್ಲಿ ನ್ಯಾನೋಪೋರ್ ಮೇಲೆ ಕೆಲಸ ಮಾಡುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಅದರೊಳಗೆ ಒಂದೊಂದೇ ಅಣು ತೂರಿದಾಗ ಕರೆಂಟಿನ ಹರಿವು ಎಷ್ಟು ತಗ್ಗುತ್ತದೆಂದು ಅಳೆದು ಅಣುವಿನ ಗುರುತು ಹಿಡಿಯುವ ವಿದ್ಯೆ. "ಛಲೋ ವಿದ್ಯಾನ ಐತ್ರಿ. ಆದ್ರ ನಮ್ಮ ಕಡೆ ಕರೆಂಟ್ ದಿನಕ್ಕ ಹತ್ತು ಸಲ ಹೋಗತೈತಿ. ಅಣು ಬರೂತನಕ ಅದು ಇರಬೇಕಲ್ರಿ," ಎಂದು ನಗುತ್ತಾರೆ. ಕರೆಂಟು ಬೇಡದ ಪರೀಕ್ಷೆ ಬೇಕೆಂದು ಅವರು ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಬಂದರು. ಕೆಲಸ ವರ್ಷ ವರ್ಷದ ಗುತ್ತಿಗೆಯದು. ಜೊತೆಗೆ ಅಲ್ಲಿನ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಪಿಎಚ್.ಡಿ.

ಮೊದಲ ಎಂಟು ತಿಂಗಳು ನೀರಿನಲ್ಲಿ ಹೋಮ. ಎಲ್ಲಕ್ಕಿಂತ ಗಟ್ಟಿ ನೂಲು ಒಳ್ಳೆಯದೆಂದು ಮಗ್ಗಕ್ಕೆ ಏರಿಸಲು ತಯಾರಾದ ಹಾಸಿನ ನೂಲನ್ನೇ ಕೊಂಡೊಯ್ದಿದ್ದರು. ಹಾಸಿನ ನೂಲಿಗೆ ಗಂಜಿ ಕುಡಿಸಿರುತ್ತಾರೆ, ಮಗ್ಗದ ಏಟಿಗೆ ಹರಿಯದಿರಲೆಂದು. ಗಂಜಿ ಕುಡಿದ ದಾರ ರಕ್ತ ಕುಡಿಯುವುದಿಲ್ಲ. ಬಾಡಿಗೆ ಕೋಣೆಯ ಹೊರಗೆ ಸಪ್ಪೆ ಮುಖ ಹಾಕಿ ಕೂತಿದ್ದ ಅವರನ್ನು ಪಕ್ಕದ ಮನೆಯ ಮುತ್ತವ್ವ ವಿಚಾರಿಸಿದರು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುತ್ತವ್ವನಿಗೆ ಅರವತ್ತಾರು. ಐವತ್ತು ವರ್ಷ ನೂಲಿಗೆ ಗಂಜಿ ಹಾಕಿದ ಕೈ, ತೆಗೆಯುವುದೂ ಆ ಕೈಗೆ ಗೊತ್ತು. ಹುಳಿ ಬಂದ ಜೋಳದ ಅಂಬಲಿಯ ತಿಳಿಯಲ್ಲಿ ಎರಡು ದಿನ ನೆನೆಸಬೇಕು. "ಹುಳಿನೀರು ಗಂಜೀನ ತಿಂತೈತಿ. ಆಮ್ಯಾಲೆ ಸೋಡಾದಾಗ ಕುದಸು. ನಾಲಿಗಿಗೆ ಹಚ್ಚಿದ್ರ ಅಂಟಬೇಕು, ಜಾರಬಾರದು." ರಾಜಶ್ರೀ ಅದನ್ನು ಅಯೋಡಿನ್ ಹಾಕಿ ಪರೀಕ್ಷಿಸಿದರು, ಗಂಜಿ ಉಳಿದಿದ್ದರೆ ದಾರ ನೀಲಿಯಾಗುತ್ತದೆ. ನೂರು ಎಳೆಗಳಲ್ಲಿ ತೊಂಬತ್ತೇಳರ ಬಗ್ಗೆ ನಾಲಿಗೆಯದೂ ಅಯೋಡಿನ್ನಿನದೂ ಒಂದೇ ತೀರ್ಪು. ಆ ನೂಲಿನಲ್ಲಿ ಇನ್ನೂರ ಹನ್ನೆರಡು ಕುರುಬರ ರಕ್ತ ನೋಡಿದರು. ಮೂವತ್ತೇಳು ಗಂಟು ಕೆಂಪಾದವು. ಹಾಲಸಿದ್ದಪ್ಪನವರದೂ ಒಂದು.

2011ರಲ್ಲಿ ಲೇಖನ ಅಚ್ಚಾಯಿತು. ಮೊದಲ ಹೆಸರು ಪ್ರಾಧ್ಯಾಪಕರದು, ಎರಡನೆಯದು ಒಮ್ಮೆಯೂ ನೂಲು ಮುಟ್ಟದ ಅವರ ಸ್ನೇಹಿತರದು. ರಾಜಶ್ರೀ ಕೊನೆಯಲ್ಲಿ. ಮುತ್ತವ್ವ ಎಲ್ಲೂ ಇಲ್ಲ. ಹೋಗಲಿ ಎನ್ನೋಣ. ಆದರೆ ಎರಡು ದಿನದ ಆ ಕೆಲಸವೂ ಇಲ್ಲ. "ಅಂಬಲಿ, ನಾಲಿಗೆ, ಇದೆಲ್ಲ ಬರೆದರೆ ಜನ ನಗುತ್ತಾರಮ್ಮ," ಎಂದಿದ್ದರಂತೆ ಪ್ರಾಧ್ಯಾಪಕರು. ಅಚ್ಚಾದದ್ದು ಇಷ್ಟೇ: ನೂಲನ್ನು ತೊಳೆಯಲಾಯಿತು. ಓದು ಬಾರದ ಹೆಂಗಸಿನ ವಿದ್ಯೆ ತಮ್ಮ ಹಾಳೆಗೆ ಮೈಲಿಗೆ ಎಂದುಕೊಂಡವರಿಗೆ, ಆ ವಿದ್ಯೆಯಿಂದ ಬಂದ ಮೂವತ್ತೇಳು ಕೆಂಪು ಗಂಟು ಮಾತ್ರ ಬೇಕಾಗಿದ್ದವು.

ತಿದ್ದುಪಡಿ ಬೇಕೆಂದು ರಾಜಶ್ರೀ ಅದೇ ವಾರ ಪತ್ರ ಬರೆದರು. ಕಳಿಸಲಿಲ್ಲ. ಗುತ್ತಿಗೆ ಮುಂದುವರಿಯಲು ಪ್ರಾಧ್ಯಾಪಕರ ಸಹಿ ಬೇಕು, ಪಿಎಚ್.ಡಿ. ಮುಗಿಯಲೂ ಬೇಕು. ಪತ್ರ ಟ್ರಂಕಿನಲ್ಲಿ ಉಳಿಯಿತು, ಎರಡು ವರ್ಷ.

ಈ ಫೆಬ್ರುವರಿಯಲ್ಲಿ ಒಂದು ಸಂಸ್ಥೆ ಅದೇ ಲೇಖನ ನೋಡಿ ದಾರ ಮಾಡಿಸಿ, ಬೀಳಗಿ ಕಡೆಯ ಹಳ್ಳಿಗಳಲ್ಲಿ ಶಿಬಿರ ನಡೆಸಿತು. ನೂಲನ್ನು ತೊಳೆದಿದ್ದರು, ಅಷ್ಟೇ. ದಾರ ಕೆಲಸ ಮಾಡಿದೆಯೋ ಇಲ್ಲವೋ ಎಂದು ತೋರಿಸುವ ಎರಡನೆಯ ಗಂಟನ್ನೂ ಉಳಿತಾಯಕ್ಕೆಂದು ಕೈಬಿಟ್ಟಿದ್ದರು. ರಕ್ತ ಗಂಟಿನ ತನಕ ಮುಟ್ಟಲೇ ಇಲ್ಲ. ಗಂಟು ಬೆಳ್ಳಗಿದೆ, ರೋಗವಿಲ್ಲ, ಮನೆಗೆ ಹೋಗಿ ಎಂದರು. ಆಗಸ್ಟಿನಲ್ಲಿ ಗಲಗಲಿಯ ಹುಲೆಪ್ಪ ಕೋಲೂರಿಕೊಂಡು ರಾಜಶ್ರೀಯ ಬಾಗಿಲಿಗೆ ಬಂದರು. ವಯಸ್ಸು ನಲವತ್ತು.

"ನಿಮ್ಮ ದಾರಾನ ನನಗೇನೂ ಇಲ್ಲಂತ ಹೇಳ್ತಲ್ರೀ ಅಕ್ಕಾರ. ಜ್ವರಕ್ಕಂತ ತಗೊಳ್ಳಾಕತ್ತಿದ್ದ ಗುಳಿಗಿ ಬಿಟ್ಟಬಿಟ್ಟೆ."

ರಾಜಶ್ರೀ ತಮ್ಮ ದಾರ ಹಚ್ಚಿ ನೋಡಿದರು. ಒಂಬತ್ತನೇ ನಿಮಿಷಕ್ಕೆ ಗಂಟು ಕೆಂಪು. ಬೆಳಗಾವಿಯ ದೊಡ್ಡ ಲ್ಯಾಬೂ ಅದನ್ನೇ ಹೇಳಿತು.

"ಆ ಲೇಖನದಾಗ ನನ್ನ ಹೆಸರೂ ಐತ್ರಿ. ಕೊನೀಗೆ ಇದ್ರೂ ಐತಿ," ಎನ್ನುತ್ತಾರೆ ರಾಜಶ್ರೀ. "ಅವರು ಬಿಟ್ರು ಖರೆ. ಸುಮ್ಮ ಕುಂತಾಕಿ ನಾನ."

ಹಳೆಯ ಪತ್ರವನ್ನು ಹೊಸದಾಗಿ ಬರೆಯುತ್ತಾರೆ. ಒಂದು ಪ್ರತಿ ಲೇಖನ ಅಚ್ಚಾದ ಪತ್ರಿಕೆಗೆ, ಒಂದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ. ಜೊತೆಗೆ ಲ್ಯಾಬ್ ವಹಿಯ ಅರವತ್ತು ಪುಟ. ನಿಮ್ಮ ಹೆಸರು ಹಾಕಿದ್ದೇನೆ ಎಂದರೆ ಮುತ್ತವ್ವ ಕಣ್ಣು ಕಿರಿದು ಮಾಡುತ್ತಾರೆ.

"ಹೆಸರು ಆಮ್ಯಾಲೆ. ಎರಡ ದಿನ ನೆನಿಸಬೇಕಂತ ಬರದೀ ಇಲ್ಲ?"

"ಮೊದಲನೇ ಸಾಲಿನಾಗ ಐತಿ, ಆಯಿ."

"ಹಂಗಾರ ಹೋಗು, ಹಾಕಿ ಬಾ. ನೌಕರಿ ಹೋದ್ರ ಇಲ್ಲೇ ನನ್ನ ಜೋಡಿ ನೂಲಿನ ಕಂಡಕಿ ಸುತ್ತಾಕ ಬಾ."

ಅಂಚೆ ಕಚೇರಿಯಲ್ಲಿ ಗುಮಾಸ್ತ ಅಂದಾನೆಪ್ಪ ಲಕೋಟೆಗಳನ್ನು ತೂಗಿ, ಭಾರಕ್ಕೆ ಹುಬ್ಬೇರಿಸಿ, ರಿಜಿಸ್ಟರ್ ಚೀಟಿ ಅಂಟಿಸಿ ಎರಡು ಸಲ ಮುದ್ರೆ ಬಡಿಯುತ್ತಾರೆ. ಚೀಲ ಯಾವಾಗ ಹೋಗುತ್ತದೆ ಎಂದು ರಾಜಶ್ರೀ ಕೇಳುತ್ತಾರೆ.

"ಮೂರರ ಗಾಡೀಗೆ. ನೀವ್ಯಾಕ ಕುಂದರ್ತೀರಿ? ಹೋಗತೈತಿ ಬಿಡ್ರಿ."

ಆದರೂ ಬೆಂಚಿನ ಮೇಲೆ ಕೂರುತ್ತಾರೆ. ಚೀಲಕ್ಕೆ ಅರಗು ಬಿದ್ದು, ಅದು ಗಾಡಿ ಏರಿ, ಗಾಡಿ ಜಮಖಂಡಿಯ ರಸ್ತೆಗೆ ತಿರುಗುವ ತನಕ ಎದ್ದೇಳುವುದಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿಯುತ್ತಾರೆ.

"ಶಿಬಿರದಾಗ ಏನೂ ಇಲ್ಲ ಅನಿಸಿಕೊಂಡವರು ಎಂಬತ್ತಾರು ಮಂದಿ ಅದಾರ್ರಿ," ಎನ್ನುತ್ತಾರೆ. "ಅವರ ರಕ್ತ ಮತ್ತ ನೋಡೂದು ನಾಳಿ ಗಲಗಲಿಯಿಂದ ಚಾಲೂ ಮಾಡ್ತೇನಿ."